ಒಂದೇ ಕ್ಲಾಸಿನ ಐವರು ಕಾರ್ನೆಲ್‌ಗೆ ಅರ್ಜಿ ಹಾಕಿದರೆ ಒಬ್ಬರನ್ನೇ ತಗೊಳ್ತಾರಾ?

ಮಗಳು ಪುಣೆಯಲ್ಲಿ 11ನೇ ಕ್ಲಾಸು, ಜೊತೆಯವರು ಇನ್ನೂ ನಾಲ್ವರು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯಕ್ಕೇ ಹೊರಟಿದ್ದಾರೆ ಅಂತ ಕೇಳಿದ್ದೀರಿ. ಶಾಲೆಗೊಂದು ಸೀಟು ಅನ್ನೋ ನಿಯಮ ಇಲ್ಲ. ಆದರೆ ಅಮೆರಿಕದ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಒಂದು ಪ್ರದೇಶದ ಅರ್ಜಿಗಳೆಲ್ಲ ಒಬ್ಬ ಅಧಿಕಾರಿಯ ಕೈಗೇ ಹೋಗುತ್ತವೆ. ಹಾಗಾಗಿ ಹೋಲಿಕೆ ತಪ್ಪಿದ್ದಲ್ಲ.

ಪೆಟ್ಟು ಬೀಳೋದು ಹೆಚ್ಚಾಗಿ ಶಿಫಾರಸು ಪತ್ರದಲ್ಲಿ. ಕಾಮನ್ ಆ್ಯಪ್‌ನಲ್ಲಿ, ಅಂದರೆ ಅಮೆರಿಕದ ಹಲವು ಕಾಲೇಜುಗಳಿಗೆ ಒಟ್ಟಿಗೇ ಅರ್ಜಿ ಹಾಕುವ ಆನ್‌ಲೈನ್ ಫಾರ್ಮಿನಲ್ಲಿ, ಟೀಚರ್ ಪತ್ರದ ಜೊತೆ ಒಂದು ಕೋಷ್ಟಕವನ್ನೂ ತುಂಬಬೇಕು: ಸರಾಸರಿ, ಉತ್ತಮ, ಮೇಲಿನ ಶೇ. 10, ಶೇ. 5, ಕೊನೆಗೆ ‘ನಾನು ಕಂಡ ಕೆಲವೇ ಕೆಲವರಲ್ಲಿ ಒಬ್ಬರು, ಶೇ. 1’. ಫಿಸಿಕ್ಸ್ ಟೀಚರ್ ಐವರಿಗೂ ಆ ಕೊನೇ ಮನೆಗೇ ಟಿಕ್ ಹಾಕಿದರೆ ಅದನ್ನು ಯಾರೂ ನಂಬಲ್ಲ. ಪತ್ರಗಳಲ್ಲೂ ಅದೇ ‘ಶ್ರಮಜೀವಿ, ವಿನಯವಂತೆ’ ಇದ್ದರೆ ಗುಂಪಿನಲ್ಲಿ ಗೋವಿಂದ. ಅದಕ್ಕೇ ಎಲ್ಲರೂ ಮುತ್ತಿಕೊಳ್ಳುವ ಟೀಚರನ್ನು ಬಿಟ್ಟು, ಮಗಳ ಕೆಲಸವನ್ನು ಹತ್ತಿರದಿಂದ ನೋಡಿದವರನ್ನು ಹಿಡಿಯಿರಿ. ಬೇಸಿಗೆ ರಜೆಗೆ ಮುಂಚೆಯೇ ಕೇಳಿ. ಯಾವ ಪ್ರಾಜೆಕ್ಟ್, ಎಲ್ಲಿ ಎಡವಿದಳು, ಹೇಗೆ ಸರಿಪಡಿಸಿದಳು ಅಂತ ಒಂದು ಪುಟ ಬರೆದುಕೊಡಿ.

ಎಚ್‌ಎಸ್‌ಸಿ (ಮಹಾರಾಷ್ಟ್ರ ಬೋರ್ಡಿನ 11, 12ನೇ ತರಗತಿ) ಮಕ್ಕಳದು ಬೇರೆ ಫಜೀತಿ. ಕೋಚಿಂಗ್ ಜೊತೆ ಒಪ್ಪಂದ ಇರೋ ಜೂನಿಯರ್ ಕಾಲೇಜಾದರೆ ಟೀಚರ್‌ಗೆ ಹುಡುಗಿಯ ಮುಖವೇ ಗೊತ್ತಿರಲ್ಲ. ಮೇಲಾಗಿ ಜೆಇಇ ನೆಪದಲ್ಲಿ 11ನೇ ಪರೀಕ್ಷೆಯನ್ನು ಕಾಟಾಚಾರಕ್ಕೆ ಬರೀತಾರೆ. ಅರ್ಲಿ ಡಿಸಿಷನ್‌ಗೆ (ಸಿಕ್ಕರೆ ಹೋಗಲೇಬೇಕು ಅಂತ ಮುಂಚಿತವಾಗಿ ಹಾಕುವ ಅರ್ಜಿ) ಗಡುವು ನವೆಂಬರ್ 1. ಆ ಹೊತ್ತಿಗೆ ಕೈಯಲ್ಲಿರೋ ಪೂರ್ತಿ ವರ್ಷದ ಕೊನೆಯ ಅಂಕಪಟ್ಟಿ ಅಂದರೆ ಅದೇ 11ನೇದು! 9, 10ನೇ ತರಗತಿಯ ಅಂಕಪಟ್ಟಿ ಹಳೇ ಶಾಲೆಯಿಂದ ತರಬೇಕು. ದೀಪಾವಳಿ ರಜೆಯೊಳಗೆ ಸಿಕ್ಕಿಬೀಳಬೇಡಿ.

ಇನ್ನು ಚಟುವಟಿಕೆ. ಅರ್ಜಿ ತಯಾರಿ ಮಾಡಿಸುವ ಒಂದೇ ಏಜೆನ್ಸಿಗೆ ಹೋದ ಮಕ್ಕಳೆಲ್ಲ ಅದೇ ‘ರಿಸರ್ಚ್ ಪೇಪರ್’, ಅದೇ ಎನ್‌ಜಿಒ ಹಿಡ್ಕೊಂಡು ಬರ್ತಾರೆ. ಇದನ್ನು ಅಕ್ಕಪಕ್ಕ ಇಟ್ಟು ಓದಿದರೆ ಬಣ್ಣ ಬಯಲು. ಕಾಮನ್ ಆ್ಯಪ್ ಪಟ್ಟಿಯಲ್ಲಿ ಹತ್ತು ಚಟುವಟಿಕೆಗೆ ಜಾಗ, ಒಂದೊಂದರ ವಿವರಣೆಗೆ 150 ಅಕ್ಷರ ಮಾತ್ರ. ‘ಸಮಾಜ ಸೇವೆ’ ಅನ್ನೋದಕ್ಕಿಂತ ‘ಪ್ರತಿ ಭಾನುವಾರ ಪುಣೆಯಲ್ಲೇ ಹುಟ್ಟಿ ಬೆಳೆದ 8 ಮಕ್ಕಳಿಗೆ ಕನ್ನಡ ಅಕ್ಷರ ಕಲಿಸುತ್ತೇನೆ’ ಅನ್ನೋದು ತೂಕದ್ದು. ನಿಜ ಇದ್ದರೆ ಮಾತ್ರ, ಮತ್ತೆ!

ಐವರೂ ಒಂದೇ ವಿಭಾಗಕ್ಕೆ ಹಾಕ್ತಿದ್ದಾರಾ ಅಂತಲೂ ವಿಚಾರಿಸಿ. ಕಾರ್ನೆಲ್‌ನಲ್ಲಿ ಎಂಜಿನಿಯರಿಂಗ್ ಬೇರೆ ಕಾಲೇಜು, ಆರ್ಟ್ಸ್ ಅಂಡ್ ಸೈನ್ಸಸ್ ಬೇರೆ. ಪೈಪೋಟಿ ತಪ್ಪಿಸಲೆಂದೇ ಮಗಳ ವಿಷಯ ಬದಲಿಸೋದು ಮಾತ್ರ ಬೇಡ, ಅರ್ಜಿಯ ಪ್ರಬಂಧದಲ್ಲಿ ಗೊತ್ತಾಗಿಬಿಡುತ್ತೆ.

ಅರ್ಲಿ ಡಿಸಿಷನ್ ಒಂದೇ ಕಡೆ ಹಾಕಬಹುದು. ಸಿಕ್ಕರೆ ಹೋಗಲೇಬೇಕು ಅಂತ ನೀವು, ಮಗಳು, ಶಾಲೆಯ ಕೌನ್ಸೆಲರ್ ಮೂವರೂ ಸಹಿ ಹಾಕ್ತೀರಿ. ಕಾರ್ನೆಲ್‌ನಲ್ಲಿ ಹೊರದೇಶದ ಮಕ್ಕಳು ಆರ್ಥಿಕ ನೆರವು ಕೇಳಿದರೆ ಆಯ್ಕೆಯಲ್ಲಿ ಅದನ್ನೂ ಗಣಿಸುತ್ತಾರೆ. ನೆರವು ಬೇಕೇ ಬೇಕು ಅಂತಿದ್ದರೆ, ಆ ನಾಲ್ವರ ಚಿಂತೆಗಿಂತ ಮೊದಲು ಇದರ ಲೆಕ್ಕ ಹಾಕಿ.