ಲಿವರ್ ಜೀವಕೋಶ ಕಸಿ ಮತ್ತು ನಿಮ್ಮ ಲ್ಯಾಬ್ರಡಾರ್

ನಮಸ್ಕಾರ ಸರ್. ನಿಮ್ಮ ಏಳು ವರ್ಷದ ಲ್ಯಾಬ್ರಡಾರ್‌ಗೆ ಲಿವರ್ ಕೈಕೊಡುತ್ತಿದೆ, ಹೊಟ್ಟೆಯಲ್ಲಿ ನೀರು ತುಂಬಿದೆ ಅಂತ ಬರೆದಿದ್ದೀರಿ. ಒಳ್ಳೆಯ ಲಿವರ್ ಜೀವಕೋಶಗಳನ್ನು ಸೂಜಿಯಲ್ಲಿ ಹಾಕಿ ವಾಸಿ ಮಾಡುತ್ತಾರಂತೆ, ಎಲ್ಲಿ ಸಿಗುತ್ತದೆ ಅಂತ ಕೇಳಿದ್ದೀರಿ. ಅದು ಇನ್ನೂ ಸಂಶೋಧನೆಯಲ್ಲೇ ಇದೆ. ನಾಯಿಗಳಿಗೆ ದಿನನಿತ್ಯದ ಚಿಕಿತ್ಸೆಯಾಗಿ ಬಂದಿಲ್ಲ. ಅದನ್ನು ಹುಡುಕುತ್ತಾ ದಿನ ಕಳೆಯಬೇಡಿ, ದಯವಿಟ್ಟು.

ನೀವು ಓದಿದ್ದು ಸುಳ್ಳೇನೂ ಅಲ್ಲ. ಗನ್ ಇಲಿಗಳು ಅಂತ ಒಂದು ತಳಿ ಇದೆ, ಅವಕ್ಕೆ ಹುಟ್ಟಿನಿಂದಲೇ ಕಾಮಾಲೆ. ಆರೋಗ್ಯವಂತ ಇಲಿಯ ಲಿವರ್ ಕೋಶ ಹಾಕಿದರೆ ಅವುಗಳ ರಕ್ತದಲ್ಲಿ ಬಿಲಿರುಬಿನ್ (ಕಾಮಾಲೆಯ ಹಳದಿ ಬಣ್ಣಕ್ಕೆ ಕಾರಣವಾಗುವ ಅಂಶ) ಇಳಿಯುತ್ತದೆ ಅಂತ 1976ರಲ್ಲೇ ತೋರಿಸಿದ್ದರು. 1998ರಲ್ಲಿ ಅಮೆರಿಕದಲ್ಲಿ ಇಂಥದ್ದೇ ಕಾಯಿಲೆಯ ಹತ್ತು ವರ್ಷದ ಹುಡುಗಿಗೆ ಸುಮಾರು 750 ಕೋಟಿ ಕೋಶಗಳನ್ನು ಕೊಟ್ಟ ವರದಿ ಬಂತು. ಬಿಲಿರುಬಿನ್ ಚೆನ್ನಾಗಿ ಇಳಿಯಿತು, ಪೂರ್ತಿ ಸರಿಯಾಗಲಿಲ್ಲ. ನಮ್ಮ ಪಕ್ಕದ ಹೈದರಾಬಾದಿನಲ್ಲೂ 1994ರ ಹೊತ್ತಿಗೇ ದಿಢೀರ್ ಲಿವರ್ ಕೆಟ್ಟ ರೋಗಿಗಳ ಹೊಟ್ಟೆಯೊಳಗೆ ಭ್ರೂಣದ ಲಿವರ್ ಕೋಶ ಹಾಕಿ ನೋಡಿದ್ದರು.

ಕಷ್ಟ ಇರುವುದು ಕೋಶ ನಿಲ್ಲುವುದರಲ್ಲಿ. ಕರುಳಿನಿಂದ ಲಿವರ್‌ಗೆ ಹೋಗುವ ದೊಡ್ಡ ರಕ್ತನಾಳದ ಮೂಲಕ ಕೋಶ ಬಿಡುತ್ತಾರೆ. ಒಂದೆರಡು ದಿನದಲ್ಲೇ ಹೆಚ್ಚಿನವನ್ನು ದೇಹವೇ ತಿಂದು ಹಾಕುತ್ತದೆ. ಜಾಸ್ತಿ ಬಿಟ್ಟರೆ ನಾಳ ಕಟ್ಟಿಕೊಂಡು ಒತ್ತಡ ಏರುತ್ತದೆ. ಹೊಟ್ಟೆಯಲ್ಲಿ ನೀರು ತುಂಬಿದ ನಾಯಿಯಲ್ಲಿ ಆ ಒತ್ತಡ ಮೊದಲೇ ಏರಿರುವುದು ಮಾಮೂಲಿ. ಇನ್ನು ಬೇರೆ ನಾಯಿಯ ಕೋಶವಾದರೆ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆಯನ್ನೂ ಕೊಡುತ್ತಿರಬೇಕು. ನೆದರ್ಲೆಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದವರು ಲಿವರ್‌ನಲ್ಲಿ ತಾಮ್ರ ಸೇರುವ ಕಾಯಿಲೆಯ ನಾಯಿಗಳಿಗೆ ಅವುಗಳದ್ದೇ ಕೋಶಗಳನ್ನು ತೆಗೆದು, ಜೀನ್ ಸರಿಪಡಿಸಿ, ಬೆಳೆಸಿ ವಾಪಸ್ ಹಾಕಿದರು. 2020ರಲ್ಲಿ ಪ್ರಕಟವಾಯಿತು. ಎರಡು ವರ್ಷದವರೆಗೂ ಕೆಲವು ಕೋಶ ಬದುಕಿದ್ದವು, ಆದರೆ ಕಾಯಿಲೆ ಗುಣಪಡಿಸುವಷ್ಟು ಇರಲಿಲ್ಲ.

ಯಾರಾದರೂ ‘ಸ್ಟೆಮ್ ಸೆಲ್’ (ಬೇರೆ ಬಗೆಯ ಕೋಶವಾಗಿ ಬೆಳೆಯಬಲ್ಲ ಮೂಲಕೋಶ) ಪ್ಯಾಕೇಜ್ ಹೇಳಿದರೆ ಯಾವ ಕೋಶ, ಯಾವ ದಾರಿಯಲ್ಲಿ ಹಾಕುತ್ತೀರಿ, ಇದೇ ಕಾಯಿಲೆಯ ಎಷ್ಟು ನಾಯಿಗಳ ಮುಂಚಿನ ಮತ್ತು ನಂತರದ ರಿಪೋರ್ಟ್ ಇದೆ ಅಂತ ಕೇಳಿ. ಕೊಬ್ಬಿನಿಂದ ತೆಗೆದ ಸ್ಟೆಮ್ ಸೆಲ್‌ಗೂ ಲಿವರ್ ಕೋಶಕ್ಕೂ ಬಹಳ ವ್ಯತ್ಯಾಸ ಇದೆ.

ತಾಮ್ರದ ಮಾತು ಬೇಕೆಂದೇ ತಂದೆ ಸರ್. ಲ್ಯಾಬ್ರಡಾರ್‌ಗಳಲ್ಲೂ ಲಿವರ್‌ನಲ್ಲಿ ತಾಮ್ರ ಸೇರುವುದು ಗೊತ್ತಿರುವ ವಿಷಯ, ಹೆಣ್ಣುಗಳಲ್ಲಿ ಹೆಚ್ಚು. ಬರೀ ರಕ್ತಪರೀಕ್ಷೆಯಲ್ಲಿ ಇದು ಗೊತ್ತಾಗುವುದಿಲ್ಲ. ಲಿವರ್‌ನ ಚೂರು ತೆಗೆದು, ಅದರಲ್ಲಿ ತಾಮ್ರ ಎಷ್ಟಿದೆ ಅಂತ ಅಳೆಸಬೇಕು. ಒಣ ತೂಕದ ಲೆಕ್ಕದಲ್ಲಿ 400 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 400 ಭಾಗ) ಒಳಗಿದ್ದರೆ ಸಾಮಾನ್ಯ. ತೆಗೆಯುವ ಮೊದಲು ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಆಗಲೇಬೇಕು, ಮರೆಯಬೇಡಿ. ಈಗಿನ ಸ್ಥಿತಿಯಲ್ಲಿ ಮಾಡಬಹುದೋ ಇಲ್ಲವೋ ಅಂತ ಡಾಕ್ಟ್ರೇ ಹೇಳಬೇಕು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲೂ ವಿಚಾರಿಸಿ. ತಾಮ್ರವೇ ಕಾರಣವಾದರೆ ಪೆನಿಸಿಲಮೈನ್ ಅಂತ ಮಾತ್ರೆ ಇದೆ, ತಾಮ್ರವನ್ನು ಮೂತ್ರದಲ್ಲಿ ಹೊರಗೆ ಕಳಿಸುತ್ತದೆ. ಸಮಯಕ್ಕೆ ಶುರು ಮಾಡಿದರೆ ಎಷ್ಟೋ ನಾಯಿಗಳು ಚೇತರಿಸಿಕೊಂಡಿವೆ. ಇಲಿಜ್ವರದ ಪರೀಕ್ಷೆಯನ್ನೂ ಕೇಳಿ, ಅದೂ ಲಿವರ್ ಕೆಡಿಸುತ್ತದೆ.

ಊಟದ ವಿಷಯ. ಕುರಿ, ಕೋಳಿ ಯಾವ ಲಿವರೂ ಇವತ್ತಿನಿಂದ ಬೇಡ. ಉಪ್ಪು ಬೇಡ. ಬೂಸ್ಟು ಬಂದ ಜೋಳ, ಶೇಂಗಾ ಇರುವ ಹಳೆಯ ಫೀಡ್ ಎಸೆದುಬಿಡಿ, ಅದರ ವಿಷ ನೇರ ಲಿವರ್‌ಗೇ ಹೊಡೆಯುತ್ತದೆ. ‘ಲಿವರ್‌ಗೆ ಹಗುರ’ ಅಂತ ಬರೀ ಮೊಸರನ್ನದಲ್ಲಿ ಇಡಬೇಡಿ, ಮೈ ಕರಗಿಹೋಗುತ್ತದೆ. ಡಾಕ್ಟ್ರು ಬೇಡ ಅನ್ನದಿದ್ದರೆ ಬೇಯಿಸಿದ ಮೊಟ್ಟೆ, ಪನೀರ್ ಸ್ವಲ್ಪ ಸ್ವಲ್ಪ ಕೊಡಿ. ಪ್ಯಾರಾಸಿಟಮಾಲ್ ಯಾವ ಕಾರಣಕ್ಕೂ ಕೊಡಬೇಡಿ.

ಮಂಕಾಗಿ ಗೋಡೆಗೆ ತಲೆ ಒತ್ತುವುದು, ಸುಮ್ನೆ ಸುತ್ತು ಹೊಡೆಯುವುದು, ಕಪ್ಪು ಮಲ ಕಂಡರೆ ರಾತ್ರಿಯಾದರೂ ಹೊರಡಿ. ರಕ್ತಪರೀಕ್ಷೆಯ ರಿಪೋರ್ಟಿನಲ್ಲಿ ಅಲ್ಬುಮಿನ್, ಅಮೋನಿಯಾ, ಬಿಲಿರುಬಿನ್ ಅಂಕಿಗಳಿದ್ದರೆ ಇಲ್ಲಿ ಹಾಕಿ, ಡಾಕ್ಟ್ರ ಹತ್ತಿರ ಮುಂದೇನು ಕೇಳಬೇಕು ಅಂತ ಕೂತು ನೋಡೋಣ.