ಶಾಲೆ ಮಕ್ಕಳಿಗೆ ಸಿನಿಮಾ, ಇತಿಹಾಸ, ಚಿತ್ರಕಲೆ ಕಲಿಸಿದರೆ ಏನು ಲಾಭ?

ಮಾರ್ಕ್ಸ್ ಲೆಕ್ಕದಲ್ಲಿ ಜಾಸ್ತಿ ಏನಿಲ್ಲ. ಆದರೆ ‘ಇದನ್ನು ಯಾರು ತೋರಿಸುತ್ತಿದ್ದಾರೆ, ಯಾಕೆ?’ ಎಂದು ಕೇಳುವ ಚಾಳಿ ಬೆಳೆಯುತ್ತದೆ.

ಮಕ್ಕಳನ್ನು ಒಮ್ಮೆ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋಗಿ. ಟಿಪ್ಪು 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ, ಮೈಸೂರಿನವರು ಬ್ರಿಟಿಷರನ್ನು ಸೋಲಿಸಿದ 1780ರ ಪೊಳ್ಳಿಲೂರು ಯುದ್ಧದ ದೊಡ್ಡ ಚಿತ್ರವಿದೆ. ಮೈಸೂರಿನವರದು ಒಳ್ಳೆ ಗತ್ತು. ಸೋತ ಬ್ರಿಟಿಷ್ ಕರ್ನಲ್ ಬೇಲಿ ಪಲ್ಲಕ್ಕಿಯಲ್ಲಿ ಕೂತು ಬೆರಳು ಕಚ್ಚುತ್ತಿದ್ದಾನೆ. ಗೆದ್ದವರು ಬರೆಸಿದ್ದು, ಅಲ್ವಾ?

ಅದೇ ಯುದ್ಧದಲ್ಲಿ ಸೆರೆಸಿಕ್ಕ ಬ್ರಿಟಿಷ್ ಅಧಿಕಾರಿ ಡೇವಿಡ್ ಬೇರ್ಡ್, 1799ರಲ್ಲಿ ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದ ಪಡೆಯ ಮುಂದಾಳು. ಸ್ಕಾಟ್ಲೆಂಡಿನ ಡೇವಿಡ್ ವಿಲ್ಕಿ 1839ರಲ್ಲಿ ಮುಗಿಸಿದ ಚಿತ್ರದಲ್ಲಿ ಬೇರ್ಡ್ ನೆಟ್ಟಗೆ ನಿಂತಿದ್ದಾನೆ, ಟಿಪ್ಪುವಿನ ಹೆಣ ಕೆಳಗೆ ಬಿದ್ದಿದೆ. ವಿಲ್ಕಿ ಇಂಡಿಯಾಗೆ ಬಂದೇ ಇರಲಿಲ್ಲ! ಎರಡೂ ಚಿತ್ರಗಳನ್ನು ಪಕ್ಕಪಕ್ಕ ಇಟ್ಟರೆ ಸಾಕು, ಮೇಷ್ಟ್ರು ಪಾಠ ಮಾಡುವುದೇ ಬೇಡ.

ಸಿನಿಮಾದಲ್ಲೂ ಇದೇ ಆಟ. ಕ್ಯಾಮೆರಾ ಕೆಳಗಿಟ್ಟರೆ ಆಳು ದೊಡ್ಡವನಾಗಿ ಕಾಣುತ್ತಾನೆ, ಮೇಲಿಟ್ಟರೆ ಕುಗ್ಗುತ್ತಾನೆ. ಸುಮ್ನೆ ಒಂದು ಮೊಬೈಲ್ ಕೊಟ್ಟು, ಒಂದೇ ಜಗಳವನ್ನು ಎರಡು ಗುಂಪಿನಿಂದ ಬೇರೆ ಬೇರೆ ತೆಗೆಸಿ. ಎಡಿಟಿಂಗಿಗೆ ಕೂತಾಗ ‘ಇದನ್ನು ಯಾಕೆ ಕತ್ತರಿಸಿದೆ?’ ಎಂದು ನಿಜವಾದ ಜಗಳವೇ ಶುರುವಾಗುತ್ತದೆ.