ಲಾರಿ ಮೇಲಿನ ನಂಬರು ಅಜ್ಜನ ಡಿವಿಷನ್ ಅಲ್ಲ

ಯುದ್ಧಕಾಲದ ಫೋಟೊ ಕಳಿಸಿ ‘ಇದು ಯಾವ ರೆಜಿಮೆಂಟು?’ ಎಂದು ಕೇಳುವವರು ಎಡವುವುದು ಹೆಚ್ಚಾಗಿ ಒಂದೇ ಜಾಗದಲ್ಲಿ. ಹಾಗಾಗಿ ಈ ಸಲ ಒಂದು ಪತ್ರಕ್ಕೆ ಉದ್ದದ ಉತ್ತರ, ಉಳಿದವಕ್ಕೆ ಚುಟುಕು.

ಪ್ರಶ್ನೆ: ನಮ್ಮಜ್ಜ ಎರಡನೇ ಮಹಾಯುದ್ಧದಲ್ಲಿ ಇಟಲಿಯಲ್ಲಿದ್ದರು. ಫೋಟೊದಲ್ಲಿ ಲಾರಿಯ ಮುಂದೆ ನಿಂತಿದ್ದಾರೆ. ಲಾರಿಯ ಮುಂಭಾಗದಲ್ಲಿ ಬೂದು ಬಣ್ಣದ ವೃತ್ತ, ಅದರೊಳಗೆ ಕಪ್ಪಗೆ 9 ಎಂದಿದೆ. ಪಕ್ಕದಲ್ಲಿ ಒಂದು ಚೌಕ: ಮೇಲರ್ಧ ಕಪ್ಪು, ಕೆಳಗರ್ಧ ಬಿಳಿಚು, ಅಂಕಿ ಮಸುಕು. ಒಬ್ಬರು ದುಡ್ಡು ತಗೊಂಡು ‘9ನೇ ಇಂಡಿಯನ್ ಡಿವಿಷನ್’ ಎಂದು ಸರ್ಟಿಫಿಕೇಟ್ ಬರೆದುಕೊಟ್ಟಿದ್ದಾರೆ. ಆ್ಯಪ್‌ನಲ್ಲಿ ಬಣ್ಣ ಹಾಕಿಸಿದರೆ ಚೌಕ ಹಸಿರಾಯಿತು, ಅಂಕಿ 48 ಎಂದು ಸ್ಪಷ್ಟವಾಯಿತು. ನಂಬಬಹುದೇ?

ಉತ್ತರ: ಎರಡನ್ನೂ ನಂಬಬೇಡಿ. ಡಿವಿಷನ್ ಅಂದರೆ ಹಲವು ದಳಗಳು ಸೇರಿದ ದೊಡ್ಡ ಸೇನಾಪಡೆ. 9ನೇ ಇಂಡಿಯನ್ ಡಿವಿಷನ್ ಮಲಯಾದಲ್ಲಿ ನುಚ್ಚುನೂರಾಯಿತು; 1942ರ ಫೆಬ್ರವರಿಯಲ್ಲಿ ಸಿಂಗಾಪುರ ಶರಣಾದಾಗ ಅದರ ಕತೆ ಮುಗಿಯಿತು. ಇಟಲಿಯಲ್ಲಿ ಕಾದಾಡಿದ ಭಾರತೀಯ ಡಿವಿಷನ್‌ಗಳು 4, 8 ಮತ್ತು 10. ಇಷ್ಟೂ ಗೊತ್ತಿಲ್ಲದವರು ಸರ್ಟಿಫಿಕೇಟ್ ಮಾರುತ್ತಿದ್ದಾರೆ, ನೀವು ಕೊಳ್ಳುತ್ತಿದ್ದೀರಿ!

ವೃತ್ತದೊಳಗಿನ ಅಂಕಿ ಸೇತುವೆ ಕಾಯುವವನಿಗಾಗಿ ಬರೆದದ್ದು. ಈ ಗಾಡಿ ಯಾವ ತೂಕದ ವರ್ಗಕ್ಕೆ ಸೇರಿದ್ದು, ಮುಂದಿನ ಸೇತುವೆ ಇದನ್ನು ತಾಳುತ್ತದೋ ಇಲ್ಲವೋ ಎಂದು ಅವನು ನೋಡಿದ ಕೂಡಲೇ ತಿಳಿಯಬೇಕಿತ್ತು. ಹೆಚ್ಚುಕಡಿಮೆ ಟನ್ ಲೆಕ್ಕ ಅನ್ನಿ: ಸರಕು ತುಂಬಿದ ಲಾರಿಗೆ 9 ಒಪ್ಪುವ ಅಂಕಿ, ಶರ್ಮನ್ ಟ್ಯಾಂಕಾದರೆ 30ರ ಆಸುಪಾಸು. ಅಸಲಿನಲ್ಲಿ ಅದು ಹಳದಿ ವೃತ್ತ.

ನಿಮಗೆ ನಿಜವಾಗಿ ಬೇಕಾದ್ದು ಆ ಚೌಕ. ಬ್ರಿಟಿಷ್ ಪದ್ಧತಿಯಲ್ಲಿ ಚೌಕದ ಬಣ್ಣ ದಳವನ್ನು ಹೇಳುತ್ತದೆ. ಮೇಲೆ ಕೆಂಪು, ಕೆಳಗೆ ನೀಲಿ ಇದ್ದರೆ ಫಿರಂಗಿ ದಳ. ಮೇಲೆ ಬಿಳಿ, ಕೆಳಗೆ ನೀಲಿಯಾದರೆ ಸಿಗ್ನಲ್ಸ್, ಅಂದರೆ ಸಂದೇಶ ಸಾಗಿಸುವ ದಳ. ಇಡೀ ನೀಲಿಯಾದರೆ ಎಂಜಿನಿಯರುಗಳು, ಅಂದರೆ ನಮ್ಮ ಬೆಂಗಳೂರಿನ ಸ್ಯಾಪರ್‌ಗಳ ಕಸುಬಿನವರು. ಕಪ್ಪು-ಬಿಳುಪು ಫೋಟೊದಲ್ಲಿ ಬಣ್ಣ ಎಲ್ಲಿಂದ ಬರಬೇಕು ಎನ್ನುತ್ತೀರಾ? ಫಿಲ್ಮನ್ನು ವಿಚಾರಿಸಿ. ಅಜ್ಜನ ಮುಖ ಇದ್ದದ್ದಕ್ಕಿಂತ ಕಪ್ಪಾಗಿ, ತುಟಿ ಇನ್ನೂ ಕಪ್ಪಾಗಿ, ಆಕಾಶ ಬೆಳ್ಳಗೆ ಬಿದ್ದಿದ್ದರೆ ಅದು ಆರ್ಥೊಕ್ರೊಮ್ಯಾಟಿಕ್ ಫಿಲ್ಮ್ ಇರಬೇಕು. ಅದಕ್ಕೆ ಕೆಂಪು ಕಾಣುವುದಿಲ್ಲ, ಕಪ್ಪಾಗಿಸುತ್ತದೆ, ನೀಲಿಯನ್ನು ಬಿಳಿಚಿಸುತ್ತದೆ, ಹಳದಿಯನ್ನು ಮಂಕು ಮಾಡುತ್ತದೆ. ನಿಮ್ಮ ವೃತ್ತ ಬೂದಾಗಿರುವುದೂ ಇದಕ್ಕೆ ತಾಳೆಯಾಗುತ್ತದೆ. ಹಾಗಾದರೆ ಮೇಲೆ ಕಪ್ಪು, ಕೆಳಗೆ ಬಿಳಿಚು ಎಂದರೆ ಬಹುಮಟ್ಟಿಗೆ ಫಿರಂಗಿ ದಳ. ಸಿಗ್ನಲ್ಸ್ ಅಂತೂ ಅಲ್ಲ. ಮೇಲೆ ಹಸಿರು, ಕೆಳಗೆ ನೀಲಿ ಇರುವ ರಿಕಾನಸನ್ಸ್ ದಳದ (ಮುಂದೆ ಹೋಗಿ ಶತ್ರುವಿನ ಸುಳಿವು ತರುವವರು) ಅನುಮಾನ ತುಸು ಉಳಿಯುತ್ತದೆ, ಅದನ್ನು ಮುಚ್ಚಿಡಲಾರೆ.

ಆ್ಯಪ್ ಕೊಟ್ಟ 48 ಅದು ಕಟ್ಟಿದ ಕತೆ. ಫಿಲ್ಮಿನಲ್ಲಿ ಇಲ್ಲದ್ದನ್ನು ಯಾವ ಯಂತ್ರವೂ ತೆಗೆದುಕೊಡದು. ಚೌಕದ ಅಂಕಿ ಡಿವಿಷನ್ನಿನೊಳಗಿನ ತುಕಡಿಯ ಗುರುತು; ಅದು ಸಿಕ್ಕರೂ ಸಾಲದು. ಒಂದೇ ಅಂಕಿ ಹಲವು ಡಿವಿಷನ್‌ಗಳಲ್ಲಿರುತ್ತಿತ್ತು. ಬಂಪರಿನ ಇನ್ನೊಂದು ತುದಿಯಲ್ಲಿ ಡಿವಿಷನ್ನಿನ ಲಾಂಛನ ಹುಡುಕಿ: 4ನೆಯದಕ್ಕೆ ಕೆಂಪು ಹದ್ದು, 8ನೆಯದಕ್ಕೆ ಕ್ಲೋವರ್ ಎಲೆಗಳು. ಅಲ್ಲಿ ಕೆರೆದ ಗುರುತಿದ್ದರೆ ಅದು ಸೆನ್ಸಾರಿನವರ ಕೈಚಳಕವಿರಬಹುದು. ಬಾನೆಟ್ ಪಕ್ಕದ ‘ಎಲ್’ ಮತ್ತು ಉದ್ದದ ನಂಬರು ಬರೀ ಗಾಡಿಯ ನೋಂದಣಿ, ಅದರಿಂದ ದಳ ತಿಳಿಯದು.

ಮುಂದೆ ಮಾಡಬೇಕಾದ್ದು: ಅಜ್ಜನ ಡಿಸ್‌ಚಾರ್ಜ್ ಕಾಗದ ಹುಡುಕಿ, ಪದಕದ ಅಂಚು, ಬೆನ್ನು ನೋಡಿ. ಹೆಸರು, ನಂಬರು ಕೊರೆದಿದ್ದರೆ ನನ್ನ ಊಹೆಗಿಂತ ಅದೇ ಮೇಲು. ಫೋಟೊವನ್ನು ಆಲ್ಬಮ್ಮಿನಿಂದ ಕಿತ್ತು ತೆಗೆಯಬೇಡಿ, ದಮ್ಮಯ್ಯ.

ಪ್ರಶ್ನೆ: ಬಿಳಿ ನಕ್ಷತ್ರ ಇದೆ, ಅಮೆರಿಕದ ಗಾಡಿ ತಾನೆ?

ಉತ್ತರ: ಅಲ್ಲದೆಯೂ ಇರಬಹುದು. 1944ರ ಹೊತ್ತಿಗೆ ಬ್ರಿಟಿಷರು, ಕೆನಡಾದವರೂ ಅದನ್ನೇ ಬಳಿಯುತ್ತಿದ್ದರು.

ಪ್ರಶ್ನೆ: ಲೋಂಗೆವಾಲಾದಲ್ಲಿ ಸುಟ್ಟ ಪ್ಯಾಟನ್ ಟ್ಯಾಂಕಿನ ಫೋಟೊ ಇದು, ಅಲ್ಲವೇ?

ಉತ್ತರ: ಅಲ್ಲ. 1971ರಲ್ಲಿ ಪಾಕಿಸ್ತಾನ ಅಲ್ಲಿಗೆ ತಂದದ್ದು ಚೀನಾದ ಟೈಪ್ 59 ಮತ್ತು ಕೆಲವು ಶರ್ಮನ್. ಪ್ಯಾಟನ್ ಬೇಕಿದ್ದರೆ 1965ರಲ್ಲಿ ಪಂಜಾಬಿನ ‘ಅಸಲ್ ಉತ್ತರ್’ ಎಂಬ ಊರಲ್ಲಿ ನಡೆದ ಕಾಳಗಕ್ಕೆ ಹೋಗಿ.

ಪ್ರಶ್ನೆ: ತಾತನ ಮದುವೆ ಫೋಟೊದಲ್ಲಿರುವುದು ಯುದ್ಧಕಾಲದ ಜೀಪೇ?

ಉತ್ತರ: ಗ್ರಿಲ್ಲಿನ ಸೀಳು ಎಣಿಸಿ. ಒಂಬತ್ತಿದ್ದರೆ ಯುದ್ಧಕಾಲದ್ದು, ಏಳಿದ್ದರೆ ಯುದ್ಧ ಮುಗಿದ ಮೇಲೆ ಬಂದ ನಾಗರಿಕ ಮಾದರಿ.